ಬೊಗಸೆ ನೀರಿಗಾಗಿ ಹತ್ತು ವರ್ಷ ಕೋರ್ಟು ಕಟ್ಟೆ ಹತ್ತಿದ ವಕೀಲ!

ನಮ್ಮ ಸಿನಿಮಾಗಳಲ್ಲಿ ವಕೀಲನ ಕೆಲಸ ಬಹಳ ಸುಲಭ! ಕರಿಕೋಟು ಏರಿಸಿಕೊಂಡು ಹೀರೋ ಕೋರ್ಟಿಗೆ ಕಾಲಿಡುತ್ತಾನೆ. ವಿಲನ್ ಕಡೆಯ ವಕೀಲ ಕನ್ನಡಕ ಸರಿಮಾಡಿಕೊಂಡು ವ್ಯಂಗ್ಯವಾಗಿ ನಗುತ್ತಾನೆ. 'ಅಬ್ಜೆಕ್ಷನ್ ಮೈ ಲಾರ್ಡ್' ಎಂದು ಎರಡು ಸಲ ಕೂಗಾಟ. ಕೊನೆಯ ರೀಲಿನಲ್ಲಿ ಬಾಗಿಲು ದಬ್ಬಿಕೊಂಡು ಸಾಕ್ಷಿಯೊಬ್ಬ ಓಡಿ ಬರುತ್ತಾನೆ. ಜಡ್ಜು ಸುತ್ತಿಗೆ ಕುಟ್ಟುತ್ತಾರೆ. ಸಿಳ್ಳೆ, ಚಪ್ಪಾಳೆ, ಶುಭಂ! ಎಲ್ಲಾ ಸೇರಿ ಹತ್ತು ನಿಮಿಷ.

ನಾನಿಲ್ಲಿ ಹೇಳಹೊರಟಿರುವ ವಕೀಲನ ಕೇಸು ಹತ್ತು ನಿಮಿಷದ್ದಲ್ಲ, ಹತ್ತು ವರ್ಷದ್ದು. ಕೊಲೆ ಕೇಸಲ್ಲ, ಆಸ್ತಿ ಕೇಸಲ್ಲ. ಊರ ಕೆರೆಯಲ್ಲಿ ಒಂದು ಬೊಗಸೆ ನೀರು ಕುಡಿದದ್ದಕ್ಕೆ ಹಾಕಿದ ಕೇಸು! ವಕೀಲನ ಹೆಸರು ಭೀಮರಾವ್ ರಾಮಜಿ ಅಂಬೇಡ್ಕರ್.

'ಅಯ್ಯೋ, ಅವರು ಗೊತ್ತಿಲ್ಲದೆ ಇರ್ತಾರೇನ್ರೀ? ಸಂವಿಧಾನ ಬರೆದವರು!' ಎಂದು ನೀವು ಅನ್ನಬಹುದು. ನಿಜ. ಕೈಯಲ್ಲಿ ಪುಸ್ತಕ ಹಿಡಿದು ಬೆರಳು ಮುಂದೆ ಮಾಡಿ ನಿಂತ ಅವರ ಪ್ರತಿಮೆಯನ್ನು ನೋಡದ ಊರಿಲ್ಲ. ಆದರೆ ಆ ಕೋಟಿನೊಳಗೆ ಇದ್ದ ವಕೀಲನನ್ನು, ಕೇಸಿಲ್ಲದೆ ಕೂತ ವಕೀಲನನ್ನು, ತಡೆಯಾಜ್ಞೆ ಬಂದಾಗ ಹಲ್ಲು ಕಚ್ಚಿ ತಾಳಿಕೊಂಡ ವಕೀಲನನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಇನ್ನೊಂದು ಮಾತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆಯ ಓದುಗರಿಗೆ ಈ ಕೇಸು ಪರದೇಶದ ಕಥೆಯಲ್ಲ. 1956ರ ನವೆಂಬರ್ 1ರವರೆಗೆ ಈ ಮೂರೂ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಹಾವೇರಿ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ನಮ್ಮ ಅಜ್ಜಂದಿರ ಹೊಲದ ತಂಟೆಯೂ ಕೊನೆಗೆ ಹೋಗಿ ನಿಲ್ಲುತ್ತಿದ್ದದ್ದು ಮುಂಬಯಿ ಹೈಕೋರ್ಟಿನಲ್ಲೇ. ಅಂಬೇಡ್ಕರರ ಕೆರೆಯ ಕೇಸು ತೀರ್ಮಾನವಾದದ್ದೂ ಅಲ್ಲೇ!

ಅದೇ ರೈಲು ದಾರಿ

ರಾಣೆಬೆನ್ನೂರಿನಲ್ಲಿ ರೈಲು ಹತ್ತಿ. ಬ್ಯಾಡಗಿ, ಹಾವೇರಿ, ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ಮಿರಜ್ ದಾಟಿ ಪುಣೆಯ ದಾರಿಯಲ್ಲೇ ಮುಂದೆ ಹೋದರೆ ಮಸೂರು ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. 1901ರಲ್ಲಿ ಆ ಸ್ಟೇಷನ್ನಿನಲ್ಲಿ ಹತ್ತು ವರ್ಷದ ಹುಡುಗ ಭೀಮ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಇಳಿದ. ಹೊಸ ಅಂಗಿ, ಜರಿ ಟೋಪಿ. ಬೇರೆ ಊರಲ್ಲಿ ನೌಕರಿಯಲ್ಲಿದ್ದ ತಂದೆಯನ್ನು ನೋಡುವ ಸಂಭ್ರಮ. ಆದರೆ ಕಾಗದ ತಲುಪಿರಲಿಲ್ಲ. ಕರೆದೊಯ್ಯಲು ಯಾರೂ ಬಂದಿರಲಿಲ್ಲ.

ಸ್ಟೇಷನ್ ಮಾಸ್ತರರು ಮೊದಲು ಪ್ರೀತಿಯಿಂದಲೇ ವಿಚಾರಿಸಿದರು. ಹುಡುಗರು 'ನಾವು ಮಹಾರರು' ಎಂದದ್ದೇ ತಡ, ಮುಖ ತಿರುಗಿಸಿದರು. ಬಂಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಒಪ್ಪಿದ. ಆದರೆ ಷರತ್ತು ಕೇಳಿ: ಬಾಡಿಗೆ ದುಪ್ಪಟ್ಟು, ಬಂಡಿ ಹುಡುಗರೇ ಹೊಡೆಯಬೇಕು, ಬಂಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ! ಬುತ್ತಿಯಲ್ಲಿ ಊಟವಿತ್ತು, ಕುಡಿಯಲು ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ 'ನಾವು ಮುಸಲ್ಮಾನರು' ಎಂದು ಸುಳ್ಳು ಹೇಳಿ ಕೇಳಿದರೂ ಒಂದು ಗುಟುಕು ಸಿಗಲಿಲ್ಲ. ಹುಡುಗರು ಬುತ್ತಿ ಮುಟ್ಟದೆ ಮಲಗಿದರು.

ಇದನ್ನೆಲ್ಲ ಅವರೇ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಹೇಳಿಕೊಂಡಿದ್ದಾರೆ. ಶಾಲೆಯಲ್ಲೂ ಅಷ್ಟೇ. ಕೂರಲು ಮನೆಯಿಂದ ತಂದ ಗೋಣಿತಟ್ಟು. ನಲ್ಲಿಯನ್ನು ತಾನು ಮುಟ್ಟುವಂತಿಲ್ಲ, ಶಾಲೆಯ ಪ್ಯೂನ್ ತಿರುಗಿಸಬೇಕು. ಪ್ಯೂನ್ ರಜೆ ಹಾಕಿದ ದಿನ ನೀರೂ ರಜೆ!

ಬ್ಯಾರಿಸ್ಟರ್ ಆದರೂ ಬ್ರೀಫ್ ಇಲ್ಲ!

ಆ ಹುಡುಗ 1912ರಲ್ಲಿ ಬಿ.ಎ. ಪಾಸಾದ. ಬರೋಡ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿಂದ ಲಂಡನ್. ಒಪ್ಪಂದದಂತೆ 1917ರಲ್ಲಿ ಬರೋಡದಲ್ಲಿ ನೌಕರಿಗೆ ಸೇರಿದರೆ, ಪರದೇಶದಲ್ಲಿ ಓದಿ ಬಂದ ಅಧಿಕಾರಿಗೆ ಇಳಿದುಕೊಳ್ಳಲು ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಗುಟ್ಟು ಬಯಲಾಯಿತು. ಬಡಿಗೆ ಹಿಡಿದ ಜನ ಬಂದು ಹೊರಗೆ ಹಾಕಿದರು. ಊರ ತೋಟದ ಮರದ ಕೆಳಗೆ ಕೂತು ಕಣ್ಣೀರು ಹಾಕಿದವರು ಯಾರು ಗೊತ್ತೇ? ಮುಂದೆ ಈ ದೇಶದ ಮೊದಲ ಕಾನೂನು ಮಂತ್ರಿ!

1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1922ರಲ್ಲಿ ಬ್ಯಾರಿಸ್ಟರ್ ಆದರು, 1923ರಲ್ಲಿ ಡಿ.ಎಸ್‌ಸಿ. ಪದವಿಯೂ ಬಂತು. ಊರಿಗೆ ಮರಳಿದಾಗ ವಕೀಲಿಯ ಸನದು ಪಡೆಯಲೂ ಕೈಯಲ್ಲಿ ಕಾಸಿಲ್ಲ. ಪಾರ್ಸಿ ಗೆಳೆಯ ನವಲ್ ಭಾತೇನಾ ಹಣ ಕೊಟ್ಟು ನಡೆಸಿದರು.

ಆ ಕಾಲದ ಮುಂಬಯಿ ಹೈಕೋರ್ಟಿನಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿನ ದೊಡ್ಡ ದಾವೆಗಳಲ್ಲಿ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರನ ಹತ್ತಿರ ಬರುವುದಿಲ್ಲ. ನಡುವೆ ಸಾಲಿಸಿಟರ್ ಇರುತ್ತಾನೆ. ಅವನು ಕಾಗದ ಪತ್ರ ಕಟ್ಟಿ ಕೊಟ್ಟರೆ ಬ್ಯಾರಿಸ್ಟರಿಗೆ ಕೆಲಸ. ಅಸ್ಪೃಶ್ಯ ಬ್ಯಾರಿಸ್ಟರಿಗೆ ಯಾವ ಸಾಲಿಸಿಟರ್ ಕೇಸು ಕೊಟ್ಟಾನು? ಹೀಗಾಗಿ ಅಂಬೇಡ್ಕರ್ ಸಣ್ಣ ಕೋರ್ಟುಗಳಿಗೆ, ಹೊರ ಊರುಗಳ ಕೋರ್ಟುಗಳಿಗೆ ತಿರುಗಿದರು. ಮನೆ ಖರ್ಚಿಗೆ ಲೆಕ್ಕಪತ್ರ ಕಲಿಸುವ ಸಂಸ್ಥೆಯಲ್ಲಿ ಪಾಠ ಹೇಳಿದರು. ಸಂಸಾರ ಪರೇಲಿನ ಚಾಳಿನಲ್ಲಿ.

ಆದರೆ ಕೆಲಸ ಬಲ್ಲವನನ್ನು ಎಷ್ಟು ದಿನ ಮೂಲೆಯಲ್ಲಿ ಕೂರಿಸಲಾದೀತು? 1926ರಲ್ಲಿ ಪುಣೆಯಲ್ಲಿ ಒಂದು ಮಾನನಷ್ಟ ಮೊಕದ್ದಮೆ. ಕೇಶವರಾವ್ ಜೇಧೆ, ದಿನಕರರಾವ್ ಜವಳಕರ್ ಮೊದಲಾದ ಬ್ರಾಹ್ಮಣೇತರ ನಾಯಕರು 'ದೇಶಾಚೆ ದುಶ್ಮನ್' ಎಂಬ ಪುಸ್ತಿಕೆಗಾಗಿ ಶಿಕ್ಷೆಗೊಳಗಾಗಿದ್ದರು. ಮೇಲ್ಮನವಿಯಲ್ಲಿ ಅವರ ಪರ ನಿಂತದ್ದು ಬ್ಯಾರಿಸ್ಟರ್ ಅಂಬೇಡ್ಕರ್. ಎಲ್ಲರೂ ಬಿಡುಗಡೆ! ಹೆಸರು ಊರೂರಿಗೆ ಹಬ್ಬಿತು.

ಊರ ಕೆರೆಯ ಕಥೆ

1923ರ ಆಗಸ್ಟ್ 4ರಂದು ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆ ಎಂಬ ಸದಸ್ಯರು ಒಂದು ಗೊತ್ತುವಳಿ ತಂದು ಪಾಸು ಮಾಡಿಸಿದರು. ಸಾರ್ವಜನಿಕ ಹಣದಲ್ಲಿ ಕಟ್ಟಿದ, ಸಾರ್ವಜನಿಕ ಹಣದಲ್ಲಿ ನಡೆಯುವ ಬಾವಿ, ಕೆರೆ, ಧರ್ಮಶಾಲೆ, ಶಾಲೆ, ಕೋರ್ಟು, ದವಾಖಾನೆ ಎಲ್ಲವೂ ಅಸ್ಪೃಶ್ಯರಿಗೂ ತೆರೆದಿರಬೇಕು. ಪ್ರಾಂತ್ಯಕ್ಕೆಲ್ಲ ಅನ್ವಯ. ಅಂದರೆ ಹಾವೇರಿಯ ಹೆಗ್ಗೇರಿ ಕೆರೆಯಿಂದ ಹಿಡಿದು ರಾಣೆಬೆನ್ನೂರಿನ ಬಾವಿಯವರೆಗೆ, ಕಾಗದದ ಮೇಲೆ, ಎಲ್ಲಾ ತೆರೆದವು. ಕಾಗದದ ಮೇಲೆ!

ಕೊಂಕಣದ ಮಹಾಡ್ ಪುರಸಭೆ ತಾನೂ 1924ರ ಜನವರಿಯಲ್ಲಿ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಠರಾವು ಮಾಡಿತು. ಆದರೂ ಮೂರು ವರ್ಷ ಒಬ್ಬ ಅಸ್ಪೃಶ್ಯನೂ ಕೆರೆಗೆ ಇಳಿಯಲಿಲ್ಲ. ಠರಾವು ದಫ್ತರದಲ್ಲಿ, ಭಯ ಬೀದಿಯಲ್ಲಿ. ಇಳಿದವನ ಗತಿ ಏನಾದೀತೆಂದು ಎಲ್ಲರಿಗೂ ಗೊತ್ತಿತ್ತು.

1927ರ ಮಾರ್ಚ್ 20. ಮಹಾಡಿನಲ್ಲಿ ಸಮ್ಮೇಳನಕ್ಕೆ ಸೇರಿದ್ದ ಸಾವಿರಾರು ಜನ ಸಾಲುಗಟ್ಟಿ ಕೆರೆಯ ಕಡೆ ನಡೆದರು. ಮುಂದೆ ಮೂವತ್ತೈದು ವರ್ಷದ ಅಂಬೇಡ್ಕರ್. ಕೆರೆಗೆ ಇಳಿದು, ಬೊಗಸೆ ತುಂಬಿ ನೀರು ಕುಡಿದರು. ಹಿಂದೆ ಬಂದವರೂ ಕುಡಿದರು. ಅಷ್ಟೇ. ಗದ್ದಲವಿಲ್ಲ, ಹೊಡೆದಾಟವಿಲ್ಲ.

ಹೊಡೆದಾಟ ಆಮೇಲೆ ಬಂತು. 'ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ' ಎಂದು ಸುದ್ದಿ ಹಬ್ಬಿಸಿದರು. ಊಟಕ್ಕೆ ಕೂತಿದ್ದವರ ಮೇಲೆ, ಊರಿಗೆ ಹೊರಟವರ ಮೇಲೆ ಬಡಿಗೆ ಬಿದ್ದವು. ಅಂಬೇಡ್ಕರರ ಕಡೆ ಜನ ಸಾವಿರಾರು ಇದ್ದರು. ಹಳೆಯ ಸಿಪಾಯಿಗಳೂ ಇದ್ದರು. ಒಂದು ಮಾತು ಆಡಿದ್ದರೆ ಮಹಾಡ್ ಹೊತ್ತಿ ಉರಿಯುತ್ತಿತ್ತು. ಅವರು ಆ ಮಾತು ಆಡಲಿಲ್ಲ.

ಇತ್ತ 'ಮೈಲಿಗೆಯಾದ' ಕೆರೆಯನ್ನು ಶುದ್ಧ ಮಾಡಲು 108 ಗಡಿಗೆ ನೀರು ಎತ್ತಿ ಹೊರಹಾಕಿ, ಹಾಲು, ಮೊಸರು, ಸಗಣಿ, ಗಂಜಲ ಸುರಿದರು. ಮನುಷ್ಯ ಮುಟ್ಟಿದರೆ ಮೈಲಿಗೆ, ಸಗಣಿ ಸುರಿದರೆ ಮಡಿ!

ಇಂಟರ್‌ವಲ್‌ನಲ್ಲಿ ತಡೆಯಾಜ್ಞೆ

ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಮಹಾಡಿಗೆ ಹೋಗಿ ನೀರು ಕುಡಿಯುವುದೆಂದು ತೀರ್ಮಾನವಾಯಿತು. ಆಗ ಎದುರಾಳಿಗಳು ಹೊಸ ಪಟ್ಟು ಹಾಕಿದರು. ಡಿಸೆಂಬರ್ 12ರಂದು ಕೋರ್ಟಿನಲ್ಲಿ ದಾವೆ: 'ಇದು ಸಾರ್ವಜನಿಕ ಕೆರೆಯಲ್ಲ, ನಮ್ಮದು. ಅಸ್ಪೃಶ್ಯರು ಇದನ್ನು ಮುಟ್ಟುವ ರೂಢಿ ಇಲ್ಲ.' ಒಂದನೇ ಪ್ರತಿವಾದಿ ಭೀಮರಾವ್ ಅಂಬೇಡ್ಕರ್. ಎರಡೇ ದಿನದಲ್ಲಿ, 14ರಂದು, ತಾತ್ಕಾಲಿಕ ತಡೆಯಾಜ್ಞೆ ಬಂತು. ಕೆರೆಗೆ ಇಳಿಯುವಂತಿಲ್ಲ.

25ರಂದು ಸಾವಿರಾರು ಜನ ಸೇರಿದರು. ಜೇಲಿಗೆ ಹೋಗಲು ಹೆಸರು ಬರೆಸಿ ನಿಂತವರೇ ಬಹಳ. ಸಿನಿಮಾ ಆಗಿದ್ದರೆ ಹೀರೋ ಇಲ್ಲಿ ಆ ಆಜ್ಞೆಯ ಕಾಗದವನ್ನು ಹರಿದು ಗಾಳಿಗೆ ತೂರುತ್ತಿದ್ದ. ಗಾಂಧಿ ಕ್ಲಾಸಿನಿಂದ ಚಿಲ್ಲರೆ ಕಾಸು ತೂರಿ ಬರುತ್ತಿದ್ದವು!

ಅಂಬೇಡ್ಕರ್ ಹರಿಯಲಿಲ್ಲ. ಆ ರಾತ್ರಿ ಮನುಸ್ಮೃತಿಯನ್ನು ಸುಟ್ಟರು. ಆದರೆ ಕೋರ್ಟಿನ ಕಾಗದವನ್ನು ಸುಡಲಿಲ್ಲ. ನಮ್ಮ ಜಗಳ ಜಾತಿಯ ಜೊತೆ, ಕೋರ್ಟಿನ ಜೊತೆಯಲ್ಲ ಎಂದು ಉರಿಯುತ್ತಿದ್ದ ಜನರನ್ನು ಒಪ್ಪಿಸಿದರು. ಜನ ಮೆರವಣಿಗೆಯಲ್ಲಿ ಕೆರೆಯ ಸುತ್ತ ಒಂದು ಸುತ್ತು ಬಂದರು. ನೀರು ಕಣ್ಣೆದುರಿಗೇ ಇತ್ತು. ಒಬ್ಬರೂ ಮುಟ್ಟಲಿಲ್ಲ. ನೀರು ಕುಡಿಯುವುದಕ್ಕೆ ಬೇಕಾದ ಧೈರ್ಯ ದೊಡ್ಡದೋ, ಮುಟ್ಟದೆ ಸುತ್ತು ಬರುವುದಕ್ಕೆ ಬೇಕಾದ ಧೈರ್ಯ ದೊಡ್ಡದೋ? ನೀವೇ ಹೇಳಿ.

ಉತಾರ ಗೆದ್ದಿತು!

ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಕಾಯ್ದೆಯ ಭಾಷೆ ತಲೆಗೆ ಹತ್ತುವುದಿಲ್ಲ. ಹಾವೇರಿ ಕೋರ್ಟಿನ ಹೊರಗೆ ಚಹಾ ಕುಡಿಯುತ್ತಿದ್ದ ವಕೀಲರೊಬ್ಬರನ್ನು ಹಿಡಿದು, 'ಸಾಹೇಬ್ರ, ಈ ಕೇಸು ಗೆದ್ದದ್ದಾದರೂ ಹೆಂಗ?' ಎಂದು ಕೇಳಿದೆ. ಅವರು ನಕ್ಕು ಎರಡು ಬೆರಳು ಎತ್ತಿದರು.

'ಎರಡು ಮಾತು ನೋಡ್ರಿ. ಒಂದು, ಕೆರಿ ಯಾರದು? ಬಾಯಿಮಾತು ನಡಿಯೂದಿಲ್ಲ, ಉತಾರ ತಗಿಬೇಕು. ಸಿಟಿ ಸರ್ವೇ ದಾಖಲೆಯೊಳಗ ಅದು ಖಾಸಗಿ ಆಸ್ತಿ ಅಲ್ಲ. ಅಲ್ಲಿಗೆ ನಮ್ಮದು ಅನ್ನೂ ಮಾತು ಬಿತ್ತು. ಎರಡನೇದು ರೂಢಿ. ರೂಢಿಗೆ ಕಾಯ್ದೆ ಬಲ ಬರಬೇಕಂದ್ರ ಅದು ಯಾರ ನೆನಪಿಗೂ ನಿಲುಕದ ಕಾಲದಿಂದ ನಡಕೊಂಡು ಬಂದಿರಬೇಕು. ಅದನ್ನ ಸಾಬೀತು ಮಾಡೂ ಹೊಣಿ ಯಾರದು? ರೂಢಿ ಐತಿ ಅಂದಾವಂದು!'

'ಅಸ್ಪೃಶ್ಯರು ಮೊದಲು ಆ ಕೆರಿ ನೀರು ತಗೊಂಡಿರಲಿಲ್ಲ ಅನ್ನೂದು ಖರೇನಲ್ರಿ?' ಎಂದೆ.

'ಅಲ್ಲೇ ಐತಿ ನೋಡ್ರಿ ಮಜಾ! ನಿಮ್ಮೂರ ರಸ್ತೆದಾಗ ಇವತ್ತಿನ ತನಕ ನೀವು ಅಡ್ಡಾಡಿಲ್ಲ ಅನ್ರಿ. ಹಂಗಂತ ನಾಳೆ ನಿಮ್ಮನ್ನ ತಡಿಯೂ ಹಕ್ಕು ಬಾಜೂ ಮನಿಯವಗ ಬರ್ತದೇನು? ಅವರು ತಗೊಂಡಿಲ್ಲ ಅನ್ನೂದು ಬ್ಯಾರೆ, ತಗೊಳ್ಳಾಕ ಹಕ್ಕಿಲ್ಲ ಅನ್ನೂದು ಬ್ಯಾರೆ.'

ಎಷ್ಟು ಸರಳ! ಸಾವಿರ ವರ್ಷದ ಅಹಂಕಾರಕ್ಕೆ ಕೋರ್ಟು ಕೇಳಿದ್ದು ಒಂದೇ ಪ್ರಶ್ನೆ: 'ಪುರಾವೆ ಎಲ್ಲಿ?' ಪುರಾವೆ ಇರಲಿಲ್ಲ. 1931ರ ಜೂನ್ 8ರಂದು ಮಹಾಡ್ ಕೋರ್ಟು ಅಂಬೇಡ್ಕರರ ಪರ ತೀರ್ಪು ಕೊಟ್ಟಿತು. ಎದುರಾಳಿಗಳು ಠಾಣೆಗೆ ಅಪೀಲು ಹೋದರು. 1933ರ ಜನವರಿ 30ರಂದು ಅದೂ ವಜಾ. ಅಲ್ಲಿಂದ ಹೈಕೋರ್ಟು.

ಈ ನಡುವೆ ಆ ಮನುಷ್ಯನ ಬದುಕಿನಲ್ಲಿ ಏನೆಲ್ಲ ಆಗಿಹೋಯಿತು! ಲಂಡನ್ನಿನ ದುಂಡುಮೇಜಿನ ಪರಿಷತ್ತು, 1932ರ ಪುಣೆ ಒಪ್ಪಂದ. 1935ರಲ್ಲಿ ಮುಂಬಯಿ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲ್ ಗಿರಿ. ಅದೇ ವರ್ಷ ಮೇ ತಿಂಗಳಲ್ಲಿ ಕಷ್ಟದ ದಿನಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದ ಹೆಂಡತಿ ರಮಾಬಾಯಿ ತೀರಿಕೊಂಡರು. ಕೆರೆಯ ಕೇಸು ಮಾತ್ರ ಮುಗಿದಿರಲಿಲ್ಲ.

1937ರ ಮಾರ್ಚ್ 17. ಮುಂಬಯಿ ಹೈಕೋರ್ಟು ಅಪೀಲನ್ನು ತಳ್ಳಿಹಾಕಿತು. ಕೆರೆಯ ಸುತ್ತ ಸವರ್ಣೀಯರ ಮನೆಗಳು ಏಳುವ ಮೊದಲು ಅಲ್ಲಿಗೆ ಬರುವವರನ್ನು ತಡೆಯುವ ಪ್ರಯತ್ನ ನಡೆದಿದ್ದೀತೆಂಬುದೇ ಅನುಮಾನ, ರೂಢಿ ಸಾಬೀತಾಗಿಲ್ಲ ಎಂದಿತು. ಬೊಗಸೆ ನೀರು ಕುಡಿದ ದಿನದಿಂದ ಲೆಕ್ಕ ಹಾಕಿ: ಹತ್ತು ವರ್ಷಕ್ಕೆ ಮೂರೇ ದಿನ ಕಡಿಮೆ!

ಸಿನಿಮಾ ಪ್ರಿಯರಿಗೆ ಇಲ್ಲೊಂದು ಸ್ವಾರಸ್ಯ. ರಿಚರ್ಡ್ ಅಟೆನ್‌ಬರೋ ಅವರ 'ಗಾಂಧಿ' (1982) ನೋಡಿದ್ದೀರಲ್ಲ? ಅದರಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಕೊಡುವ ಇಂಗ್ಲಿಷ್ ಜಡ್ಜು ನೆನಪಿದ್ದಾರೆಯೇ? ಟ್ರೆವರ್ ಹೋವರ್ಡ್ ಮಾಡಿದ ಪಾತ್ರ. 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಆ ಶಿಕ್ಷೆ ಕೊಟ್ಟ ಜಡ್ಜಿನ ಹೆಸರು ಬ್ರೂಮ್‌ಫೀಲ್ಡ್. ಹದಿನೈದು ವರ್ಷದ ನಂತರ ಕೆರೆಯ ತೀರ್ಪು ಬರೆದದ್ದೂ ಅದೇ ಬ್ರೂಮ್‌ಫೀಲ್ಡ್! ಯಾವ ಕಥೆಗಾರನಿಗೆ ಹೊಳೆದೀತು ಇಂಥ ತಿರುವು?

ಅಂಬೇಡ್ಕರರ ಬದುಕೂ ತೆರೆಗೆ ಬಂದಿದೆ. ಜಬ್ಬಾರ್ ಪಟೇಲ್ ನಿರ್ದೇಶನದ 'ಡಾ. ಬಾಬಾಸಾಹೇಬ್ ಅಂಬೇಡ್ಕರ್' ಚಿತ್ರದಲ್ಲಿ ಆ ಪಾತ್ರ ಮಾಡಿದವರು ಮಲಯಾಳದ ಮಮ್ಮೂಟ್ಟಿ. ಅದಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿಯೂ ಬಂತು.

ಕಡಲಾಚೆಯ ಕರಿಕೋಟುಗಳು

ಬೇರ್ಪಡಿಸಿ ಕೂರಿಸುವ ರೋಗ ನಮ್ಮ ದೇಶಕ್ಕೆ ಮಾತ್ರ ಅಂಟಿದ್ದಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳ ಸಿನಿಮಾ ಥಿಯೇಟರುಗಳಲ್ಲಿ ಕರಿಯರಿಗೆ ಮೇಲಿನ ಬಾಲ್ಕನಿಯೇ ಗತಿ, ಹತ್ತಲು ಬೇರೆ ಮೆಟ್ಟಿಲು. ನಮ್ಮಲ್ಲಿ ಬಾಲ್ಕನಿ ಎಂದರೆ ಸಾಹುಕಾರರ ಜಾಗ. ಅಲ್ಲಿ ಅದೇ ಅವಮಾನದ ಜಾಗ! 'ಬೇರೆ ಇಟ್ಟರೂ ಸಮಾನವಾಗಿಯೇ ಇಟ್ಟಿದ್ದೇವಲ್ಲ' ಎಂಬುದು ಅಲ್ಲಿನ ಕಾಯ್ದೆಯ ನೆಪ. ಥರ್ಗುಡ್ ಮಾರ್ಷಲ್ ಎಂಬ ಕರಿಯ ವಕೀಲ ಆ ನೆಪವನ್ನು ಕೋರ್ಟಿನಲ್ಲಿ ಬಿಚ್ಚಿ ಬಿಚ್ಚಿ ತೋರಿಸಿದರು. 1954ರ ಮೇ 17ರಂದು ಅಲ್ಲಿನ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಮಕ್ಕಳನ್ನು ಬೇರ್ಪಡಿಸುವುದು ತಪ್ಪು ಎಂದಿತು. ಅದೇ ಮಾರ್ಷಲ್ 1967ರಲ್ಲಿ ಅದೇ ಕೋರ್ಟಿನ ಜಡ್ಜಾದರು. ದಕ್ಷಿಣ ಆಫ್ರಿಕದಲ್ಲಿ 1952ರಲ್ಲಿ ಇಬ್ಬರು ಕರಿಯ ವಕೀಲರು ಜೋಹಾನ್ಸ್‌ಬರ್ಗಿನಲ್ಲಿ ಜೊತೆಯಾಗಿ ಆಫೀಸು ತೆರೆದರು. ಒಬ್ಬರು ಆಲಿವರ್ ಟಾಂಬೊ. ಇನ್ನೊಬ್ಬರು ಮುಂದೆ ಇಪ್ಪತ್ತೇಳು ವರ್ಷ ಜೇಲಿನಲ್ಲಿದ್ದು 1994ರಲ್ಲಿ ಆ ದೇಶದ ಅಧ್ಯಕ್ಷರಾದ ನೆಲ್ಸನ್ ಮಂಡೇಲಾ.

ಮಾರ್ಷಲ್ ಗೆಲ್ಲುವುದಕ್ಕೆ ಹದಿನೇಳು ವರ್ಷ ಮೊದಲೇ ಅಂಬೇಡ್ಕರ್ ಕೆರೆಯ ಕೇಸು ಗೆದ್ದಿದ್ದರು ಎಂಬುದನ್ನು ನಾವು ಎದೆಯುಬ್ಬಿಸಿ ಹೇಳಬಹುದು.

ಕಿಂಡಿಯೋ, ಬಾಗಿಲೋ?

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ ನೋಡಿ. ಕೆಂಪು ರಾಶಿಯ ಮುಂದೆ ನಿಂತ ವ್ಯಾಪಾರಿ ಬಣ್ಣ ನೋಡುತ್ತಾನೆ, ಸುಕ್ಕು ನೋಡುತ್ತಾನೆ, ಒಣಗಿದೆಯೇ ಎಂದು ನೋಡುತ್ತಾನೆ. ಬೆಳೆದವನ ಜಾತಿ ಕೇಳಿ ಯಾರೂ ರೇಟು ಕಟ್ಟುವುದಿಲ್ಲ. ಮೆಣಸಿನಕಾಯಿಗೆ ಇರುವ ಪುಣ್ಯ ಮನುಷ್ಯನಿಗಿಲ್ಲ!

ಅದೇ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ಊರು. 1960ರ 'ಭಕ್ತ ಕನಕದಾಸ' ಚಿತ್ರದಲ್ಲಿ ನಮ್ಮ ರಾಜಕುಮಾರ್ ಕನಕರಾಗಿ ನಿಂತದ್ದನ್ನು ಹಳೆಯ ಅಭಿಮಾನಿಗಳು ಇನ್ನೂ ಕಣ್ಣಲ್ಲಿಟ್ಟುಕೊಂಡಿದ್ದಾರೆ. ಉಡುಪಿಯಲ್ಲಿ ಗುಡಿಯ ಒಳಗೆ ಬಿಡದೆ ಹೊರಗೆ ನಿಲ್ಲಿಸಿದಾಗ ಗೋಡೆ ಬಿರಿಯಿತು, ಕೃಷ್ಣ ತಿರುಗಿ ನಿಂತ ಎಂಬ ಐತಿಹ್ಯ ಯಾರಿಗೆ ಗೊತ್ತಿಲ್ಲ?

ಕಾಗಿನೆಲೆಗೆ ಹೋಗುವ ಬಸ್ಸಿನಲ್ಲಿ ಕೂತು ನಾನು ಅದನ್ನೇ ಯೋಚಿಸಿದೆ. ಕನಕರಿಗೆ ದೇವರೇ ತಿರುಗಬೇಕಾಯಿತು. ಆದರೂ ಸಿಕ್ಕದ್ದು ಕಿಂಡಿ. ಗೋಡೆ ಗೋಡೆಯಾ­ಗಿಯೇ ಉಳಿಯಿತು. ಅಂಬೇಡ್ಕರ್ ಪವಾಡ ಕೇಳಲಿಲ್ಲ, ಕಿಂಡಿ ಕೇಳಲಿಲ್ಲ. ಎಲ್ಲರೂ ಹೋಗುವ ದಾರಿಯಲ್ಲಿ ಹೋಗಿ, ಎಲ್ಲರೂ ಇಳಿಯುವ ಮೆಟ್ಟಿಲು ಇಳಿದು, ಎಲ್ಲರೂ ಕುಡಿಯುವ ನೀರು ಕುಡಿಯುತ್ತೇನೆ ಎಂದರು. ಭಕ್ತನಿಗೆ ದಯೆ ಸಿಗುತ್ತದೆ. ವಕೀಲ ಹಕ್ಕು ಕೇಳುತ್ತಾನೆ.

ಹೊಳೆಯ ಆಚೆ ದಡ

ರಾಣೆಬೆನ್ನೂರಿನಿಂದ ಹೊರಟು ತುಂಗಭದ್ರೆ ದಾಟಿದರೆ ಹರಿಹರ. 1924ರಲ್ಲಿ ಅಲ್ಲಿ ಹುಟ್ಟಿದ ದಲಿತ ಹುಡುಗ ಬಿ. ಬಸವಲಿಂಗಪ್ಪ. ಅವರೂ ಓದಿ ವಕೀಲರಾದರು. ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾದಾಗ, 1970ರ ದಶಕದಲ್ಲಿ, ಮನುಷ್ಯ ಮನುಷ್ಯನ ಮಲವನ್ನು ತಲೆಯ ಮೇಲೆ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1973ರಲ್ಲಿ 'ಬೂಸಾ' ಮಾತಿನಿಂದ ರಾಜ್ಯವೆಲ್ಲ ಗದ್ದಲವೆದ್ದು ಮಂತ್ರಿ ಪದವಿ ಬಿಟ್ಟವರೂ ಇವರೇ. ಆ ಗದ್ದಲ ನೆನಪಿಟ್ಟವರು ಬಹಳ. ಆ ತಲೆಯ ಹೊರೆ ಇಳಿಸಿದ್ದನ್ನು ನೆನಪಿಟ್ಟವರು ಕಡಿಮೆ.

ಹೊರೆ ಪೂರ್ತಿ ಇಳಿಯಿತೇ? 1993ರಲ್ಲಿ ದೇಶಕ್ಕೇ ಕಾಯ್ದೆ ಬಂತು. ಅದಾದ ಹದಿನೇಳು ವರ್ಷಕ್ಕೆ, 2010ರ ಜುಲೈ ತಿಂಗಳಲ್ಲಿ, ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ನಡುಬೀದಿಯಲ್ಲಿ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ಇದ್ದ ಮನೆಗಳಿಂದ ಎಬ್ಬಿಸುತ್ತಾರೆ ಎಂಬ ಸಂಕಟಕ್ಕೆ ಅವರು ಕಂಡುಕೊಂಡ ಪ್ರತಿಭಟನೆ ಅದು. ಆ ಸುದ್ದಿ ರಾಜ್ಯವನ್ನೇ ತಲೆ ತಗ್ಗಿಸುವಂತೆ ಮಾಡಿತು. 2013ರಲ್ಲಿ ಇನ್ನೊಂದು, ಇನ್ನೂ ಬಿಗಿಯಾದ ಕಾಯ್ದೆ ಬಂತು.

ಕಾಯ್ದೆಗಳಿಗೆ ಬರವಿಲ್ಲ. ಮಹಾಡಿನ ಠರಾವಿಗೂ ಬರವಿರಲಿಲ್ಲ. ಕೆರೆಗೆ ಇಳಿಯುವ ಕಾಲು ಬೇಕಾಗಿತ್ತು.

ಟೆಂಟಿನ ಒಳಗೆ, ಟೆಂಟಿನ ಹೊರಗೆ

ರಾಣೆಬೆನ್ನೂರಿನಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರು ಸಿಕ್ಕರು. ದಲಿತ ಕೇರಿಯವರು. ವಯಸ್ಸಿನಲ್ಲಿ ಕುಸ್ತಿ ಆಡಿದವರು, ಸಿನಿಮಾ ಹುಚ್ಚು ವಿಪರೀತ. ಹಳೆಯ ಟೆಂಟ್ ಸಿನಿಮಾದ ಮಾತು ತೆಗೆದೆ. ಅಜ್ಜನ ಕಣ್ಣು ಅರಳಿದವು.

'ತಮ್ಮಾ, ಟೆಂಟಿನೊಳಗ ನಮಗ ಯಾರೂ ಏನೂ ಕೇಳತಿರಲಿಲ್ಲ. ಚೀಟಿ ತಗೊಂಡಾಂವ ಒಳಗ. ನೆಲದ ಮ್ಯಾಲೆ ಎಲ್ಲಾರೂ ಒತ್ತಿಕೊಂಡು ಕುಂದ್ರೂದು. ಗೌಡರ ಮಗನ ಮೊಣಕಾಲು ನನಗ ಹತ್ತತಿತ್ತು, ನಂದು ಅವಗ ಹತ್ತತಿತ್ತು. ಕತ್ತಲಾಗ ಎಲ್ಲಿ ಜಾತಿ? ಪಿಕ್ಚರ್ ಬಿಟ್ಟು ಹೊರಗ ಬಂದ್ವಿ ಅಂದ್ರ ಚಾದಂಗಡಿ. ಅಲ್ಲಿ ಅವರಿಗೆ ಕಪ್ಪು-ಬಸಿ. ನಮಗ ಸೂರಿನ ಸಂದ್ಯಾಗ ಸಿಗಿಸಿಟ್ಟ ಬ್ಯಾರೆ ಕಪ್ಪು. ನಾವ ತಗೀಬೇಕು, ನಾವ ತೊಳೀಬೇಕು, ನಾವ ತಿರಗಿ ಸಿಗಸಬೇಕು.'

ಚಹಾ ಒಂದೇ, ಹಾಲು ಒಂದೇ, ಕಾಸೂ ಅಷ್ಟೇ. ಕಪ್ಪು ಮಾತ್ರ ಬೇರೆ! ಅಮೆರಿಕದ 'ಬೇರೆ ಆದರೂ ಸಮಾನ' ಎಂಬ ಕಾಯ್ದೆ ನಮ್ಮ ಚಾದಂಗಡಿಯ ಸೂರಿನಲ್ಲೇ ತೂಗುತ್ತಿತ್ತು.

ಈಗ ಅಂಬೇಡ್ಕರರು ಮುಂದೆ ನಿಂತು ಕಟ್ಟಿದ ಸಂವಿಧಾನವನ್ನು ಒಮ್ಮೆ ತೆರೆಯಿರಿ. 15ನೇ ಕಲಂ. ಜಾತಿ, ಧರ್ಮ, ಜನಾಂಗ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ಎಲ್ಲೆಲ್ಲಿ ತಡೆಯುವಂತಿಲ್ಲ ಎಂಬ ಪಟ್ಟಿ ಅಲ್ಲಿದೆ: ಅಂಗಡಿ, ಹೋಟೆಲು, ಸಾರ್ವಜನಿಕ ಮನರಂಜನೆಯ ಸ್ಥಳ. ಅಂದರೆ ನಮ್ಮ ನಿಮ್ಮ ಸಿನಿಮಾ ಥಿಯೇಟರು! ಅದರ ಕೆಳಗೇ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಕೆರೆ ಎಂಬ ಆ ಒಂದು ಮಾತಿನ ಹಿಂದೆ ಮಹಾಡಿನ ಹತ್ತು ವರ್ಷ ನಿಂತಿದೆ. 17ನೇ ಕಲಮು ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. 1955ರ ಕಾಯ್ದೆ ಇನ್ನೂ ಮುಂದೆ ಹೋಗಿ, ಹೋಟೆಲಿನಲ್ಲಿ ಎಲ್ಲರಿಗೆಂದು ಇಟ್ಟ ಪಾತ್ರೆಯನ್ನು ಜಾತಿ ನೋಡಿ ನಿರಾಕರಿಸುವುದು ಅಪರಾಧ ಎಂದಿತು. ಅಜ್ಜನ ಕಪ್ಪು ಕಾಯ್ದೆ ಪುಸ್ತಕಕ್ಕೆ ಬಂದಿತ್ತು. ಚಾದಂಗಡಿಗೆ ಕಾಯ್ದೆ ಬಂದಿರಲಿಲ್ಲ.

'ಮತ್ತ ಆ ಕಪ್ಪು ಯಾವಾಗ ಹೋತು ಅಜ್ಜಾರ?' ಎಂದೆ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಒಂದಿನ ರಾತ್ರಿ ಪಿಕ್ಚರ್ ಬಿಟ್ಟು ಬಂದ್ವಿ. ನನ್ನ ಕುಸ್ತಿ ಜೋಡಿ ಒಬ್ಬಾಂವ ಇದ್ದ, ಮ್ಯಾಲಿನ ಮಂದಿಯಾಂವ. ಗರಡಿಯೊಳಗ ನನ್ನ ಹೆಗಲ ಹಿಡಿದು ಒಗೀತಿದ್ದ, ಅದಕ್ಕ ಮೈಲಿಗಿ ಇರಲಿಲ್ಲ. ಅವತ್ತು ನಾ ಕೈ ಎತ್ತೂದ್ರಾಗ ಅವನ ಸೂರಿನ್ಯಾಗಿನ ನನ್ನ ಕಪ್ಪು ತಗೊಂಡ. ಇದರಾಗ ಹಾಕು ಅಂದ. ಅಂಗಡಿಯಾಂವ ಗಾಬರಿ ಬಿದ್ದ. ಹಾಕಲೇ ಅಂದ. ಅದರಾಗ ಚಾ ಕುಡದ. ಕುಡದು, ಆ ಕಪ್ಪು ಮತ್ತ ಸೂರಿಗೆ ಸಿಗಸಲಿಲ್ಲ, ಬಾಕಿನ ಕಪ್ಪುಗಳ ಜೋಡಿ ಇಟ್ಟ. ಯಾವುದು ನಂದು, ಯಾವುದು ಅವರದು ಅಂತ ಅಂಗಡಿಯವಗೂ ಗೊತ್ತಾಗಲಿಲ್ಲ. ಆಮ್ಯಾಲೆ ಯಾರೂ ಅದನ್ನ ಹುಡುಕಲಿಲ್ಲ.'

ಯಾವ ಭಾಷಣವೂ ಇಲ್ಲ, ಘೋಷಣೆಯೂ ಇಲ್ಲ. ಆ ಪೈಲ್ವಾನನಿಗೆ 1937ರ ತೀರ್ಪು ಗೊತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಆದರೆ ಮುಂಬಯಿ ಹೈಕೋರ್ಟು ಬರೆದದ್ದನ್ನು ರಾಣೆಬೆನ್ನೂರಿನಲ್ಲಿ ಜಾರಿಗೆ ತಂದವನು ಅವನೇ.

ಅಂಬೇಡ್ಕರ್ 1956ರ ಡಿಸೆಂಬರ್ 6ರಂದು ಕಣ್ಣು ಮುಚ್ಚಿದರು. ನಮ್ಮ ತಾಲ್ಲೂಕುಗಳು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಒಂದು ತಿಂಗಳು ಐದು ದಿನವಾಗಿತ್ತು. ಅವರು ಬಿಟ್ಟುಹೋದ ಕಾಯ್ದೆ ಮಾತ್ರ ರಾಜ್ಯ ಬದಲಾದರೂ ಬದಲಾಗಲಿಲ್ಲ.

ಗೆಳೆಯರೇ, ಮುಂದಿನ ಶುಕ್ರವಾರ ಹೊಸ ಚಿತ್ರ ಬಿಡುಗಡೆಯಾಗುತ್ತದೆ. ಗುಂಪು ಕಟ್ಟಿಕೊಂಡು ಹೋಗುತ್ತೀರಿ. ಕತ್ತಲಲ್ಲಿ ಒತ್ತಿಕೊಂಡು ಕೂತು ಒಂದೇ ಹೀರೋಗೆ ಸಿಳ್ಳೆ ಹೊಡೆಯುತ್ತೀರಿ. ಹೊಡೆಯಿರಿ! ಆದರೆ ದೀಪ ಹತ್ತಿ ಹೊರಗೆ ಬಂದ ಮೇಲೆ, ನಿಮ್ಮ ಗುಂಪಿನಲ್ಲಿ ಒಬ್ಬ ಹುಡುಗ ನಿಮ್ಮೂರ ಹೋಟೆಲಿನ ಬಾಗಿಲಲ್ಲಿ, ಗುಡಿಯ ಕಟ್ಟೆಯ ಬಳಿ, ನಿಮ್ಮ ಮನೆಯ ಪಡಸಾಲೆಯ ಹೊಸ್ತಿಲಲ್ಲಿ ಹೆಜ್ಜೆ ತಡೆದು ನಿಲ್ಲುತ್ತಾನೆಯೇ, ಸ್ವಲ್ಪ ನೋಡಿ. ನಿಂತರೆ ಅವನ ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆದುಕೊಂಡು ಹೋಗಿ. ವಕೀಲ ತನ್ನ ಕೆಲಸ ಮುಗಿಸಿ ಬಹಳ ವರ್ಷವಾಯಿತು.